ಅಡ್ಡಗೀಟು

ಶಾರ್ಜಾದಿಂದ ಅಜ್ಮಾನಿಗೆ ಹೋಗುವುದು ಹದಿನೈದು ನಿಮಿಷ,
ಬರುವುದು ಒಂದು ಜನ್ಮ.
ಡಿಕ್ಕಿಯಲ್ಲಿ ಕಂಬಳಿ ಹೊದೆಸಿ ಮಲಗಿಸಿದ ಬಾಟಲಿಗಳು
ರಸ್ತೆಯುಬ್ಬಿಗೊಮ್ಮೆ ಒಂದನ್ನೊಂದು ತಿವಿದು ನಕ್ಕರೆ
ನನ್ನ ಜೀವ ಬಾಯಿಗೆ.
ಹಿಂದಿನಿಂದ ಯಾರೂ ಗುದ್ದದಿರಲಿ ದೇವರೇ
ಎಂದು ಇಪ್ಪತ್ತೆರಡು ವರ್ಷ ಬೇಡಿಕೊಂಡಿದ್ದೇನೆ.
ಅಂಥ ಏಕಾಗ್ರತೆ ಯಾವ ಗುಡಿಯಲ್ಲೂ ಬರಲಿಲ್ಲ.

ಐವತ್ತೊಂದಾಯಿತು.
ಲಿವರ್ ಸ್ವಲ್ಪ ದಪ್ಪ ಎಂದಿದ್ದರು ಡಾಕ್ಟರು.
ಹೆಂಡತಿ ಹೇಳಿದ್ದಳು, ಆ ಮಾತು ಬಿಡಿ.
ಬೆಲ್ಟಿಗೆ ಮೊಳೆ ಬಡಿದು ಮಾಡಿಕೊಂಡ ಹೊಸ ತೂತು ಹೇಳಿತ್ತು.
ಯಾರಿಗೂ ಬಗ್ಗದ ಕಿವಿ
ಕೊನೆಗೆ ಕೇಳಿದ್ದು ಒಂದು ಟಿಶ್ಯೂ ಪೇಪರಿನ ಮಾತು.

ಅಲ್ ನಹ್ದಾ, ವಾಮನನ ಫ್ಲಾಟು, ಏಳನೇ ಮಹಡಿ.
ಕಾಣೆ ಮೀನು ಕಾಯಿಸಿದ ವಾಸನೆ, ಶುಕ್ರವಾರ.
ನಾನು ಕ್ರೇನಿನ ಕತೆ ಹೇಳುತ್ತಿದ್ದೆ:
ಎರಡು ಸಾವಿರದ ಎಂಟು, ಮರಳುಗಾಳಿ,
ಮೂವತ್ತೊಂದನೇ ಮಹಡಿಯ ಹತ್ತಿರ ತೂಗಾಡುವ ಗಾಜಿನ ಹಲಗೆ,
ವಾಕಿಟಾಕಿ ಹಿಡಿದು ನಾನು,
ನಾನೊಬ್ಬನೇ, ಅದನ್ನು ಇಳಿಸಿದ್ದು.

ಮೂಲೆಯಲ್ಲಿ ವಾಮನನ ಮಗ ನಿಹಾಲ್, ಹನ್ನೆರಡು ವರ್ಷ,
ಹೋಮ್‌ವರ್ಕ್ ಮಾಡುವವನಂತೆ ಬಗ್ಗಿ ಏನೋ ಗೀಚಿದ.
ನಾಲ್ಕು ನೆಟ್ಟಗಿನ ಗೀಟು, ಅವನ್ನು ಕಡಿದು ಒಂದು ಅಡ್ಡಗೀಟು.
‘ಏನೋ ಅದು?’
‘ಈ ಕತೆ ಅಂಕಲ್. ಇವತ್ತಿಗೆ ಐದನೇ ಸಲ.’

ಎಲ್ಲರೂ ನಕ್ಕರು. ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ.
ನಡುವಿನ ಮೂರು ಸಲ
ನನಗೆ ನೆನಪೇ ಇರಲಿಲ್ಲ.

ಬಿಟ್ಟೆ ಎನ್ನಲಾರೆ.
ಬಿಟ್ಟವರ ಮುಖದಲ್ಲೊಂದು ತೇಜಸ್ಸಿರುತ್ತದೆ,
ಅದು ನನ್ನ ಮೀಸೆಗೆ ಒಪ್ಪುವುದಿಲ್ಲ.
ಕಡಿಮೆ ಮಾಡಿದೆ.
ಬಿಟ್ಟವನಿಗೆ ಹಾರ, ಕುಡಿದವನಿಗೆ ಕತೆ,
ಕಡಿಮೆ ಮಾಡಿದವನಿಗೆ ಬರೀ ಲೆಕ್ಕ:
ತಿಂಗಳಿಗೆರಡು ಸಲ, ಸಲಕ್ಕೆರಡು,
ಮೂರನೆಯದಕ್ಕೆ ಗ್ಲಾಸಿನ ಬಾಯಿಗೆ ಅಂಗೈ.
ರಾತ್ರಿ ಮೂರಕ್ಕೆ ಎಚ್ಚರವಾಗಿ
ಎಸಿಯ ಗೊರಗೊರ ಕೇಳುತ್ತ ಬಿದ್ದಿರುತ್ತೇನೆ,
ಇದನ್ನು ಮಾತ್ರ ಯಾರೂ ಮೊದಲೇ ಹೇಳಿರಲಿಲ್ಲ.

ಅಜ್ಮಾನಿಗೆ ಈಗಲೂ ಹೋಗುತ್ತೇನೆ. ಕಾರಿಗೆ ದಾರಿ ಅಭ್ಯಾಸ.
ಅಂಗಡಿ ದಾಟಿ, ಕಾರ್ನಿಶ್ ತುದಿಗೆ, ಇದಿನಬ್ಬನ ಕೆಫೆಟೇರಿಯಾ.
ಉಳ್ಳಾಲದವನು. ಜನ್ಮದಲ್ಲಿ ಹನಿ ಮುಟ್ಟದವನಿಗೆ
ಕುಡಿಯುವವನ ನಾಲಿಗೆಯ ಗುಟ್ಟು ಅದು ಹೇಗೆ ಗೊತ್ತೋ!
ಮೊದಲ ದಿನ ಲಿಂಬೆ ಪುದಿನ ಕೊಟ್ಟು, ನನ್ನ ಮುಖ ನೋಡಿ,
ಗ್ಲಾಸು ವಾಪಸು ಎಳೆದುಕೊಂಡ.
‘ನಿಮಗೆ ಸಿಹಿ ಅಲ್ಲ ಜಯಕರಣ್ಣ, ನಿಮಗೆ ಜಗಳ ಬೇಕು.’
ಪುನರ್ಪುಳಿ ನೆನೆಸಿದ ನೀರು, ಜಜ್ಜಿದ ಶುಂಠಿ, ಕಲ್ಲುಪ್ಪು,
ಸೀಳಿದ ಒಂದೇ ಒಂದು ಗಾಂಧಾರಿ ಮೆಣಸು,
ಮೇಲಿಂದ ಚುಸ್ಸೆಂದು ಸೋಡಾ.
ಮೊದಲ ಗುಟುಕು ಮೂಗಿಗೇರಿತು.
ಎರಡನೆಯದು ಎದೆಯಲ್ಲಿ ಹಳೇ ಬಾಡಿಗೆದಾರನ ಖಾಲಿ ಕೋಣೆ ಹುಡುಕಿ
ಬಾಗಿಲು ತಟ್ಟದೆ ಒಳಗೆ ಬಂದು ಕೂತಿತು.
ಗ್ಲಾಸಿನ ಬೆವರು ಬೆರಳಿಗೆ ತಾಗಿದಾಗ ಅನ್ನಿಸಿತು,
ಕೈಗೆ ಬೇಕಿದ್ದದ್ದು ಇಷ್ಟೇ ಇರಬಹುದು,
ಹಿಡಿದುಕೊಳ್ಳಲು ಒಂದು ತಂಪು.

ಈಗ ಬೋರ್ಡಿನಲ್ಲಿ ಮೂರು ಲಿಪಿಗಳಲ್ಲಿ
‘ಜಯಕರ ಸ್ಪೆಷಲ್, ಎಂಟು ದಿರ್ಹಮ್’.
ಪೇಶಾವರದ ಟ್ಯಾಕ್ಸಿಯವ ‘ದೋ ಜೈಕರ್, ಬರ್ಫ್ ಕಮ್’ ಎಂದು ಕೂಗಿದರೆ
ನಾನು ಇನ್ನೂ ತಿರುಗಿ ನೋಡುತ್ತೇನೆ.

ಹೋದ ಶುಕ್ರವಾರ ಫ್ಲಾಸ್ಕಿನಲ್ಲಿ ತುಂಬಿಸಿಕೊಂಡು
ವಾಮನನ ಮನೆಗೆ ಹೋದೆ. ಸೋಡಾ ಬೇರೆ.
ನಿಹಾಲನಿಗೂ ಒಂದು ಗ್ಲಾಸು, ಮೆಣಸಿಲ್ಲದ್ದು.
ಅವನೇ ಕೇಳಿದ, ಪೆನ್ನು ಕೈಯಲ್ಲಿಟ್ಟುಕೊಂಡೇ:
‘ಕ್ರೇನಿನ ಕತೆ ಹೇಳಿ ಅಂಕಲ್.’

ಹೇಳಿದೆ.
ಮರಳುಗಾಳಿ ಹಾಗೇ ಇತ್ತು. ಗಾಜು ಹಾಗೇ ತೂಗಾಡುತ್ತಿತ್ತು.
ಆದರೆ ಮೇಲೆ, ಕ್ರೇನಿನ ಗೂಡಿನಲ್ಲಿ,
ಗುಲ್ ಜಮಾನ್ ಎಂಬವನಿದ್ದ.
ಇಷ್ಟು ವರ್ಷ ಎಲ್ಲಿದ್ದನೋ ಅವನು,
ಗ್ಲಾಸು ತುಂಬಿದಷ್ಟೂ ಕತೆಯಿಂದ ಇಳಿದು ಹೋಗುತ್ತಿದ್ದ.
ಗಾಜು ಇಳಿಸಿದವನು ಅವನು.
ನಾನು ಕೆಳಗೆ, ನೀರಿನ ಟ್ಯಾಂಕಿನ ಹಿಂದೆ.
ವಾಕಿಟಾಕಿ ಇತ್ತು ಕೈಯಲ್ಲಿ, ಗುಂಡಿ ಒತ್ತಿರಲಿಲ್ಲ.
ಪ್ಯಾಂಟು ಒದ್ದೆಯಾಗಿತ್ತು,
ಬೆವರಿನಿಂದ ಅಲ್ಲ.

ವಾಮನ ಎದ್ದು ಮೀನು ತಿರುವಿಹಾಕಲು ಒಳಗೆ ಹೋದ.
ನಿಹಾಲ್ ಹಳೇ ಟಿಶ್ಯೂ ಮುದ್ದೆ ಮಾಡಿ,
ಡಬ್ಬಿಯಿಂದ ಹೊಸದೊಂದನ್ನು ಎಳೆದು,
ಒಂದು ಗೀಟು ಹಾಕಿದ.