ಹವೆ ಚೆನ್ನಾಗಿತ್ತು

ಮೂರು ಬೇಸಿಗೆ ಕಳೆದು ಮತ್ತೆ ಬಂದಿದ್ದೇನೆ
ವಾಲ್ಮಿಯೆರಾ ದಾಟಿದ ಮೇಲೆ ಸಿಗುವ ಈ ಹುಲ್ಲು ಮೈದಾನಕ್ಕೆ.
ಕಂಬದ ಗಾಳಿಚೀಲದ ಕೆಂಪು ಮಾಸಿದೆ.
ಚಹದ ಕಪ್ಪುಗಳು ಅವೇ, ಹಿಡಿ ಮುರಿದದ್ದೂ ಅದೇ.

ದಾಖಲೆ ಪುಸ್ತಕದಲ್ಲಿ ನನ್ನ ಪುಟ ತೆರೆದರು:
ಜಿಗಿತ ಒಂದು, ಎರಡು, ಮೂರು.
ನಾಲ್ಕನೆಯ ಸಾಲಿಗೆ ಸಂಖ್ಯೆಯಿಲ್ಲ,
ನೀಲಿ ಶಾಯಿಯಲ್ಲಿ ಹಳೆಯ ಗುರುವಿನ ಕೈಬರಹ:
‘ಹಾರಲಿಲ್ಲ. ಹವೆ ಚೆನ್ನಾಗಿತ್ತು.’

ಬೈದಿರಲಿಲ್ಲ ಆತ, ಸಮಾಧಾನವನ್ನೂ ಹೇಳಿರಲಿಲ್ಲ.
ಬಾಗಿಲ ಚೌಕಟ್ಟಿಗೆ ಅಂಟಿದ್ದ ನನ್ನ ಬೆರಳುಗಳನ್ನು
ಒಂದೊಂದಾಗಿ ಬಿಡಿಸಿ ಒಳಗೆಳೆದುಕೊಂಡಿದ್ದ.
(ಈಗ ರೀಗಾದಲ್ಲಿ ಲಿಫ್ಟ್ ರಿಪೇರಿ ಮಾಡುತ್ತಾನಂತೆ.)
ಉಳಿದವರೆಲ್ಲ ಬಿದ್ದರು. ನಾನು ವಿಮಾನದಲ್ಲೇ ಇಳಿದೆ,
ಬಸ್ಸಿನಲ್ಲಿ ನಿದ್ದೆಹೋಗಿ ಡಿಪೋ ತಲುಪಿದವಳ ಹಾಗೆ.
ಪೈಲಟ್ ವಿಲ್ನಿಸ್ ಹಿಂತಿರುಗಿ ನೋಡದೆ
ಉಪ್ಪಿನ ಸೌತೆಕಾಯಿಯ ಡಬ್ಬಿ ಚಾಚಿದ.
ಒಂದು ತೆಗೆದುಕೊಂಡೆ. ಕಚ್ಚಿದ ಸದ್ದು
ಇಂಜಿನ್ನಿಗಿಂತ ಜೋರಾಗಿ ಕೇಳಿತು.

ಈಗ ಮತ್ತೆ ಓನಾಮದಿಂದ.
ಕಲಿಸುವವನು ರೈವಿಸ್; ಅಂದು ನನ್ನ ಬೆಂಚಿನಲ್ಲಿ ಕೂತು
ನನಗಿಂತ ಹೆಚ್ಚು ಬೆವರುತ್ತಿದ್ದ ಹುಡುಗ.
ಐನೂರು ಚಿಲ್ಲರೆ ಜಿಗಿತ ಆಗಿದೆಯಂತೆ, ಗಡ್ಡ ಬಂದಿದೆ.
‘ಜಿಂತ್ರಾ ಅವರೇ, ಮಂಡಿ ಜೋಡಿಸಿ’ ಅನ್ನುತ್ತಾನೆ.
ಮಂಡಿ ಜೋಡಿಸುತ್ತೇನೆ.
ಮೇಜಿನ ಎತ್ತರದಿಂದ ಮರಳ ಗುಂಡಿಗೆ
ಹತ್ತು ಸಲ ಎಡಕ್ಕೆ, ಹತ್ತು ಸಲ ಬಲಕ್ಕೆ:
ಪಾದ, ಮೀನಖಂಡ, ತೊಡೆ, ಸೊಂಟ, ಬೆನ್ನು.
ಐವತ್ತೊಂದರ ಸೊಂಟ ಸರದಿ ಮೀರಿ ಮೊದಲೇ ತಲುಪುತ್ತದೆ.

ಆಮೇಲೆ ಸೂರಿನಿಂದ ಇಳಿಬಿಟ್ಟ ಪಟ್ಟಿಗಳಲ್ಲಿ ನೇತಾಡುತ್ತಾ
ಅವನು ಹಿಡಿದ ಚಿತ್ರಗಳಿಗೆ ಉತ್ತರ ಕೊಡಬೇಕು.
ಹಗ್ಗ ತಿರುಚಿದೆಯೇ? ಒದೆ, ಬಿಡಿಸು.
ಬಟ್ಟೆ ಗಂಟು ಬಿದ್ದಿದೆಯೇ? ಕೆಂಪು ನೋಡು, ಎಳೆ.
ಬೆಳ್ಳಿ ನೋಡು, ಎಳೆ.
ಬೆಳ್ಳಿಯನ್ನು ಮೊದಲು ಎಳೆದೆ.
‘ಸತ್ತಿರಿ’ ಅಂದ ರೈವಿಸ್, ಬಹಳ ವಿನಯದಿಂದ. ‘ಮತ್ತೊಮ್ಮೆ.’
ಊಟದ ಹೊತ್ತಿಗೆ ನಾಲ್ಕು ಬಾರಿ ಸತ್ತಿದ್ದೆ.
ಸಂಜೆಗೆ ಬದುಕುವುದು ಕೈಗೆ ಹತ್ತಿತು.

ಹೊಟ್ಟೆಪಾಡಿಗೆ ನಾನು ರೈ ಹಿಟ್ಟಿನ ರೊಟ್ಟಿ ಬೇಯಿಸುವವಳು.
ಹುಳಿಹಿಟ್ಟನ್ನು ತಿಂಗಳುಗಟ್ಟಲೆ ಮರೆತರೂ ಸಾಯುವುದಿಲ್ಲ,
ಮೇಲೆ ಬೂದು ನೀರು ನಿಂತು ಮುನಿಸಿಕೊಂಡಿರುತ್ತದೆ.
ಉಗುರುಬೆಚ್ಚಗಿನ ನೀರು, ಹಿಡಿ ಹಿಟ್ಟು ಕೊಟ್ಟು ಕಾದರೆ
ಮೂರನೆಯ ದಿನ ಒಂದು ಗುಳ್ಳೆ.
ಮೈಯೂ ಹಾಗೇ ಇದ್ದೀತೆಂದು ಕಾದೆ.

ಭಾನುವಾರ. ಮೋಡದ ತಳ ಸಾವಿರದ ಇನ್ನೂರು ಮೀಟರಿಗೆ.
ಜೋಡಿ ರೆಕ್ಕೆಯ ಮುದಿ ವಿಮಾನ, ನನಗಿಂತ ಎರಡು ವರ್ಷ ಹಿರಿಯದು,
ಗೊಣಗುತ್ತಾ ಏರಿತು.
ರೈವಿಸ್ ಕೊಕ್ಕೆ ಸಿಕ್ಕಿಸಿ, ಎಳೆದು ತೋರಿಸಿ,
ನನ್ನ ಬೆನ್ನಿನ ಮೂಟೆಯನ್ನು ಎರಡು ಸಲ ತಟ್ಟಿದ.
ಬೆಂದ ರೊಟ್ಟಿಯನ್ನು ಬೋರಲು ಹಾಕಿ ನಾನೂ ಹೀಗೇ ತಟ್ಟುವುದು;
ಟೊಳ್ಳು ಸದ್ದು ಬಂದರೆ ಆಯಿತು, ತೆಗೆಯಬಹುದು.
ನನ್ನಿಂದ ಯಾವ ಸದ್ದು ಬಂತೋ, ಗಾಳಿಯಲ್ಲಿ ಕೇಳಲಿಲ್ಲ.

ಬಾಗಿಲು.
ಅದೇ ಗೌಯಾ ನದಿ, ಅದೇ ಬಳುಕು,
ಚೌಕಟ್ಟಿನ ಮೇಲೆ ಅವೇ ಬೆರಳು.
ಧೈರ್ಯ ಬಂತೆಂದು ಹೇಳಿದರೆ ಸುಳ್ಳಾಗುತ್ತದೆ.
ಹಿಂದೆ ಕೂತ ಹದಿನೆಂಟರ ಹುಡುಗಿಯ ಹಲ್ಲು ಕಟಕಟಿಸುತ್ತಿತ್ತು.
ಅವಳಿಗೆ ದಾರಿ ಬಿಡಬೇಕಿತ್ತು, ಅಷ್ಟೇ.

ಸಾವಿರದ ಒಂದು
ಆಮೇಲೆ ಅಂಕಿಗಳೇ ಇರಲಿಲ್ಲ.
ಬೂಟಿನ ಕೆಳಗೆ ಮೋಡ, ಬೂಟಿನ ಮೇಲೆ ಕಾಡು,
ಬಾಯಲ್ಲಿ ಯಾಕೋ ಉಪ್ಪು ಸೌತೆಯ ರುಚಿ.
ತುಂಟ ಮಗುವನ್ನು ಅಂಗಿ ಹಿಡಿದೆತ್ತುವ ಹಾಗೆ
ಯಾರೋ ಹೆಗಲು ಹಿಡಿದು ಎತ್ತಿದರು.
ತಲೆಯೆತ್ತಿ ನೋಡಿದೆ: ಚೌಕ, ಅಗಲ, ಹಳದಿ.
ಎಷ್ಟು ಮೌನವೆಂದರೆ
ಕೆಳಗೆಲ್ಲೋ ಒಂದು ಸೈಕಲ್ಲಿನ ಗಂಟೆ ಕೇಳಿತು.

ಇಳಿದದ್ದು ಪಕ್ಕದವರ ಬೀಟ್‌ರೂಟ್ ಹೊಲದಲ್ಲಿ, ಸೊಂಟವೇ ಮೊದಲು.
ಸಾಲಿನ ತುದಿಯಲ್ಲಿ ಕಪ್ಪೆ ಹುಡುಕುತ್ತಿದ್ದ ಕೊಕ್ಕರೆ
ಒಂದು ಹೆಜ್ಜೆ ಸರಿದು ಜಾಗ ಕೊಟ್ಟಿತು.

ನಾಲಿಗೆಯ ತುದಿ ಕಚ್ಚಿಕೊಂಡು ರೈವಿಸ್ ಬರೆದ:
‘ನಾಲ್ಕು. ಎಣಿಸಲು ಮರೆತರು. ಮಂಡಿ ಜೋಡಿಸಲಿಲ್ಲ.
ಹವೆ ಸುಮಾರು.’

ಆ ಹೊಲದವರಿಗೆ ನಾಳೆ ಎರಡು ರೊಟ್ಟಿ ಕೊಟ್ಟುಬರಬೇಕು.