ಒಂಬತ್ತನೇ ರೊಟ್ಟಿ

ಬೆಟಗೇರಿ ಖಾನಾವಳಿ, ಎರಡನೇ ಬಾಕಿನ ಮ್ಯಾಲೆ
ಏಜೆಂಟ ಯಮನೂರ ಬಾರಕೇರ ಖೀಮಾ ಉಂಡು
ಬಿಲ್ಲಿನ ಹಿಂದ ಒಂದು ಗೆರಿ ಎಳದ:
"ಮೂರು ಲಕ್ಷ, ತುಳಜಾಬಾಯಿ. ಡಿಡಕ್ಟಿಬಲ್ ಅಂತಾರ.
ಕೆಳಗಿಂದು ನಿಮ್ಮದು, ಮ್ಯಾಲಿಂದು ಕಂಪನಿದು.
ಅದಕ್ಕ ಕಂತು ಇಷ್ಟು ಸಸ್ತಾ."

ತಿಳೀತು ಬಿಡಪಾ, ಅಂದೆ.
ಎಂಟು ರೊಟ್ಟಿ ಮನಿಂದ ಕಟಗೊಂಡು ಬಾ,
ಒಂಬತ್ತನೇದರಿಂದ ಎಷ್ಟು ಉಂಡರೂ ನಂದ ಖರ್ಚು.
ಹಿಂಗೊಂದು ಬೋರ್ಡ ನಾನೂ ಹಾಕಲೇನು?
ಅವ ನಕ್ಕ. ಸಹಿ ಮಾಡಿದೆ.

ಶ್ರಾವಣ. ಗಿರಾಕಿ ಇಲ್ಲ.
ಒಲಿ ಮುಂದ ಕುಂತಾಗ ಎದಿ ಹಿಡೀತು.
ಹುಬ್ಬಳ್ಳಿ ದವಾಖಾನಿ, ಎರಡು ಸ್ಟೆಂಟ, ಐದು ರಾತ್ರಿ,
ಎರಡು ಲಕ್ಷ ಎಂಬತ್ತೇಳು ಸಾವಿರ.
ಯಮನೂರ ಮೋಸಂಬಿ ಹಿಡಕೊಂಡು ಬಂದು ತಲಿ ತುರಿಸಿದ:
"ಹದಿಮೂರು ಸಾವಿರ ಕಮ್ಮಿ ಬಿತ್ತರೀ..."
ನಾ ಬ್ಯಾನಿ ಅರ್ಧಕ್ಕ ಬಿಟ್ಟು ಎದ್ದು ಬಂದಂಗ.

ಪಾಟಲಿ ಹೋದವು.
ತಮ್ಮ ಮೋತೀಲಾಲಸಾ ಬೈದ: ಹರದ ಒಗಿ ಆ ಪಾಲ್ಸಿ.

ಹರೀಲಿಲ್ಲ.
ಬಾಜೂ ಕಾಟಿನ ಮ್ಯಾಲೆ
ಮುಂಡರಗಿ ಹುಡುಗಿಯೊಬ್ಬಾಕಿ ಇದ್ಲು, ಹತ್ತೊಂಬತ್ತು ವರ್ಷ.
ಅವರಪ್ಪ ಕೌಂಟರಿನಿಂದ ಬರೂವಾಗೆಲ್ಲ
ಬಾಯಾಗ ಎಣಿಸ್ತಿದ್ದ: ಒಂಬತ್ತು, ಹನ್ನೊಂದು, ಹದಿನಾಲ್ಕು.
ಲಕ್ಷ ಅನ್ನೂದನ್ನ ಯಾವಾಗೋ ಬಿಟ್ಟಿದ್ದ.

ಈಗ ಗಲ್ಲಾದಾಗ ಎರಡು ಡಬ್ಬಿ.
ಒಂದು ದಿನದ್ದು, ಒಂದು ಎಂಟು ರೊಟ್ಟಿದು.
ರಾತ್ರಿ ಬಾಗಲಾ ಹಾಕೂವಾಗ ನೂರು ಹಾಕ್ತೀನಿ,
ಮಟನ್ ತುಟ್ಟಿ ಆದಾಗ ತಗದೂ ಬಿಡ್ತೀನಿ.
ಮೊನ್ನೆ ಯಮನೂರ ಮತ್ತ ಬಂದಿದ್ದ, ಕಂತಿಗೆ.
ಕೊಟ್ಟೆ.
ಎಂಟು ರೊಟ್ಟಿ ಉಂಡ.
ಎಂಟರದೂ ರೊಕ್ಕ ತಗೊಂಡೆ.