ಕೈಯಿಂದ ಕೈಗೆ

ಪೋರ್ಟೊದಲ್ಲಿ ಬೆಳಗಿನ ಜಾವ ನಾಲ್ಕು.
ಯಂತ್ರದ ಲೇಸರಿನ ಕೆಳಗೆ
ಒಂದೊಂದೇ ಕೋಶ ಸಾಲಾಗಿ ಹಾಯುತ್ತದೆ,
ನಾನು ಎಣಿಸುತ್ತೇನೆ. ಎಣಿಸುವುದೇ ನನ್ನ ಕೆಲಸ.
ಇಲಿ ಹದಿನಾರು. ಗುಲ್ಮ. ಐದನೆಯ ದಿನ.

ಇವಕ್ಕೆ ಪುಸ್ತಕದಲ್ಲಿ ಸಹಜ ಹಂತಕರು ಅಂತ ಹೆಸರು.
ಯಾರ ಅಪ್ಪಣೆಗೂ ಕಾಯುವುದಿಲ್ಲ;
ಗುರುತಿನ ಚೀಟಿ ತೋರಿಸದ ಕೋಶ ಎದುರಾದರೆ
ತೂತು ಕೊರೆದು, ಕೊಂದು, ಮುಂದೆ ನಡೆಯುತ್ತವೆ.
ಓದುವಾಗ ನಾನು ಅಂದುಕೊಂಡಿದ್ದೆ,
ಅಂಥವಕ್ಕೆ ಯಾರ ಹಂಗೂ ಇರಲಿಕ್ಕಿಲ್ಲ.

ಈ ಇಲಿಗಳಿಂದ ನಾವು ತೆಗೆದದ್ದು ಬೇರೆಯೇ ಕೋಶ:
ಮೈತುಂಬ ಕವಲು, ಮೂಲೆಯಲ್ಲಿ ನಿಂತು
ಹೋಗಿಬರುವವರ ಮೈ ತಡವಿ ನೋಡುವುದು,
ಒಂದು ನೊಣವನ್ನೂ ಹೊಡೆಯದಂಥದು.
ಹಂತಕರನ್ನು ಮುಟ್ಟಲೇ ಇಲ್ಲ.
ಆದರೂ ಮೊನ್ನೆ ಅರ್ಧಕ್ಕಿಳಿದವು.
ಇವತ್ತು ಪರದೆಯ ಬಲಮೂಲೆಯಲ್ಲಿ
ಚೆಲ್ಲಿದ ಸಾಸಿವೆ ಗುಡಿಸಿದ ಮೇಲೂ
ಉಳಿದುಹೋದಷ್ಟು ಚುಕ್ಕಿ.

ನನ್ನಪ್ಪ ಅದೆಲಿನು, ಮತುಜಿನ್ಯೂಶ್ ಬಂದರಿನ ರಾತ್ರಿ ಪಾಳಿಯ ಕಾವಲುಗಾರ.
ಕಬ್ಬಿಣದ ಕೋಲು, ಅದಕ್ಕಿಂತ ಗಟ್ಟಿ ಬಾಯಿ.
ಹಡಗಿನವರು ದಾರಿ ಬಿಟ್ಟು ನಡೆಯುತ್ತಿದ್ದರು.
ಮೂರು ಗಂಟೆಗೆ ಬೇಕರಿಯ ದ್ಯೊಲಿಂದಾ
ಕಿಟಕಿ ಸರಿಸಿ ಜೋಳದ ಬಿಸಿ ರೊಟ್ಟಿ ಚಾಚುವಳು.
ಮೆಟ್ಟಿಲ ಮೇಲೆ ಇಟ್ಟುಹೋಗಬಹುದಿತ್ತು,
ಇಡಲಿಲ್ಲ ಒಂದು ದಿನವೂ.
ಅವನು ಬರುವ ತನಕ ಆ ಕೈ ಚಳಿಯಲ್ಲಿ ಹಾಗೇ.
"ಇದ್ದೀಯಾ?"
"ಇದ್ದೀನಿ, ಏನೀಗ?"
ಇಪ್ಪತ್ತೆರಡು ವರ್ಷ, ಇಷ್ಟೇ ಮಾತು.

ಕವಲುಕೋಶದ್ದೂ ಅದೇ ಹಟ.
ತಾನು ಮಾಡಿದ ಪ್ರೋಟೀನನ್ನು ರಕ್ತಕ್ಕೆ ಸುರಿದು ಕೈತೊಳೆದುಕೊಳ್ಳುವುದಿಲ್ಲ.
ಇಂಟರ್‌ಲ್ಯೂಕಿನ್ ಹದಿನೈದು ಅದು,
ಹೆಸರಿಡುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ, ನಂಬರು ಕೊಟ್ಟರು.
ತನ್ನದೇ ಅಂಗೈ ಮೇಲೆ ಹಿಡಿದು ನಿಲ್ಲುತ್ತದೆ.
ಹಂತಕ ಬಂದು ಮೈ ತಾಗಿಸಬೇಕು.
ತಾಗಿದರೆ ಇನ್ನೊಂದಿಷ್ಟು ದಿನ.
ತಾಗದಿದ್ದರೆ ಯಾರೂ ಕೊಲ್ಲಬೇಕಾಗಿಲ್ಲ,
ಒಳಗೊಳಗೇ ಮಡಚಿಕೊಂಡು
ಸದ್ದಿಲ್ಲದೆ ಆರಿಹೋಗುತ್ತದೆ.

ದ್ಯೊಲಿಂದಾ ತೀರಿಕೊಂಡ ಚಳಿಗಾಲ
ಅಪ್ಪ ಮನೆಯಿಂದಲೇ ರೊಟ್ಟಿ ಕಟ್ಟಿಕೊಂಡು ಹೊರಟ.
ಬೆಳಿಗ್ಗೆ ಗಂಟು ಬಿಚ್ಚದೆ ವಾಪಸು ತಂದ.
ಹಸಿವಿರಲಿಲ್ಲ ಅಂದ.
ಮರುದಿನವೂ.
ವಸಂತದ ಹೊತ್ತಿಗೆ ಅವನ ಕೋಟು
ಬೇರೆ ಯಾರದೋ ಅನ್ನುವ ಹಾಗೆ ಜೋಲುತ್ತಿತ್ತು.

ಇಲಿಗೂ ಅಪ್ಪನಿಗೂ ನಂಟು ಹಚ್ಚಬಾರದು,
ಗೊತ್ತು. ಟಿಪ್ಪಣಿ ಪುಸ್ತಕದಲ್ಲಿ ಅದಕ್ಕೆ ಕಲಮೂ ಇಲ್ಲ.

ಇಲಿ ಹದಿನೇಳು. ಇದರಿಂದ ನಾವು ಏನನ್ನೂ ತೆಗೆದಿಲ್ಲ.
ಬಲಮೂಲೆ ಕಿಕ್ಕಿರಿದಿದೆ.
ಎರಡು ಸಲ ಎಣಿಸುತ್ತೇನೆ.
ಒಂದು ಸಲ ಸಾಕಿತ್ತು.